ಶಶಿಕಲಾ ಪ್ರಜ್ಞೆ ತಪ್ಪಿದ್ದು

ಪ್ರಜ್ಞೆ ತಪ್ಪಿ ಬೀಳಲು ಒಬ್ಬರು ಬೇಕಾಗಿತ್ತು. ಬಸವೇಶ್ವರನಗರದ ಆ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಅಷ್ಟೊಂದು ಜನ ಸೇರಿದ್ದರು. ಬೀಳಲು ಮಾತ್ರ ಯಾರೂ ತಯಾರಿರಲಿಲ್ಲ.

ಪ್ರಥಮ ಚಿಕಿತ್ಸೆ ಹೇಳಿಕೊಡಲು ಬಂದಿದ್ದ ಹುಡುಗಿಯ ಹೆಸರು ಸ್ಪಂದನ. ಆಂಬುಲೆನ್ಸಿನಲ್ಲಿ ಕೆಲಸ. ದಾರಿಯಲ್ಲಿ ಬಿದ್ದವರನ್ನು ಆಸ್ಪತ್ರೆ ಸೇರಿಸುವ ತನಕ ಉಸಿರು ನಿಲ್ಲದಂತೆ ನೋಡಿಕೊಳ್ಳುವುದು ಅವಳ ಜವಾಬ್ದಾರಿ. ಪಾಠಕ್ಕೆಂದು ಒಂದು ರಬ್ಬರ್ ಬೊಂಬೆಯನ್ನು ತರುತ್ತಿದ್ದಳು. ಅಷ್ಟರಲ್ಲಿ ಆಂಬುಲೆನ್ಸಿಗೆ ಕೆಂಗೇರಿ ಕಡೆಯಿಂದ ಕರೆ ಬಂತು. ನಿಜವಾದ ರೋಗಿಯ ಮುಂದೆ ಬೊಂಬೆಯ ಮಾತು ಎಲ್ಲಿ ನಡೆಯುತ್ತದೆ? ಸ್ಪಂದನ ಅತ್ತಿಗುಪ್ಪೆಯಲ್ಲಿ ಇಳಿದುಕೊಂಡಳು. ಬೊಂಬೆ ಕೆಂಗೇರಿಗೆ ಹೋಯಿತು. ಅವಳು ಹೆಗಲಿಗೊಂದು ಚೀಲ ಹಾಕಿಕೊಂಡು ಆಟೋದಲ್ಲಿ ಬಂದಳು.

"ಬೊಂಬೆ ಇಲ್ದಿದ್ರೆ ಏನಂತೆ, ಯಾರಾದ್ರೂ ಒಬ್ಬರು ಮಲಗಿದ್ರೆ ಸಾಕು," ಎಂದಳು.

ಸೇರಿದ್ದ ರಸ್ತೆಯವರಲ್ಲಿ ಉದಯಕುಮಾರರಿಗೆ ತಕ್ಷಣ ಸೊಂಟನೋವು ನೆನಪಾಯಿತು. ಕವನಾ ತನ್ನ ಯೋಗದ ಚಾಪೆಯನ್ನು ಸುತ್ತಿ ಕಂಕುಳಿಗೆ ಸೇರಿಸಿಕೊಂಡಳು. ಎಲ್ಲಿ ಚಾಪೆ ಕೇಳಿಬಿಡುತ್ತಾರೋ ಎಂಬ ಭಯ. ಅಡ್ಡರಸ್ತೆಯ ಹಿತರಕ್ಷಣಾ ಸಂಘದ ಕಾರ್ಯದರ್ಶಿ ಭೈರೇಶ್ ಕಾರ್ಯಕ್ರಮ ಏರ್ಪಡಿಸಿದವನು. ಏರ್ಪಡಿಸಿದವರು ನೆಲದ ಮೇಲೆ ಮಲಗುವ ಪದ್ಧತಿ ಇಲ್ಲ. ಅವನು ಸುತ್ತ ಕಣ್ಣಾಡಿಸಿದ. ಗೇಟಿನ ಹತ್ತಿರ ಶಶಿಕಲಾ ಹೊಂಗೆ ಎಲೆ ಗುಡಿಸುತ್ತಿದ್ದಳು.

"ಏ ಶಶಿ, ಬಾರೆ ಇಲ್ಲಿ. ಸ್ವಲ್ಪ ಮಲಗು."

ಶಶಿಕಲಾಳಿಗೆ ನಲವತ್ತು ದಾಟಿದೆ. ಮಗಳ ಮದುವೆ ಮಾಡಿ ಅಜ್ಜಿಯಾಗಿದ್ದಾಳೆ. ಆದರೂ ಈ ರಸ್ತೆಯಲ್ಲಿ ಅವಳು ಇವತ್ತಿಗೂ ಏ ಶಶಿ, ಬಾರೆ, ಹೋಗೆ. ಅದು ಹಳೆಯ ಕಥೆ. ಹೊಸದೆಂದರೆ ಮಲಗು ಎಂದದ್ದು. ಈ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವಳು ಒಂದು ಗಳಿಗೆ ಕೂತರೂ ಕೆಮ್ಮುವ ಜನ ಇವರು. ಬೆಳಕು ಹರಿಯುವ ಮೊದಲೇ ಬಗ್ಗಿದ ಬೆನ್ನು ಇನ್ನೂ ನೆಟ್ಟಗಾಗಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಕರೆದು ಮಲಗಿಸುತ್ತೇವೆ ಎಂದರೆ ಬೇಡವೆನ್ನಲು ಅವಳಿಗೇನು ತಲೆ ಕೆಟ್ಟಿದೆಯೇ? ಗಿಡ್ಡ ಕೋಲು ಕಟ್ಟಿದ ಕಡ್ಡಿಪೊರಕೆಯನ್ನು ಪಕ್ಕಕ್ಕಿಟ್ಟು, ತಾನೇ ಗುಡಿಸಿದ ನೆಲದ ಮೇಲೆ ಅಂಗಾತ ಮಲಗಿದಳು.

ಸ್ಪಂದನ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಅಕ್ಕ, ನಾನು ಏಳಿ ಅನ್ನೋ ತನಕ ನಿಮಗೆ ಪ್ರಜ್ಞೆ ಇಲ್ಲ. ಯಾರು ಏನಂದ್ರೂ ಏಳ್ಬಾರ್ದು. ಆಯ್ತಾ?"

"ಆಯ್ತು ಕಣಮ್ಮ," ಎಂದು ಶಶಿಕಲಾ ಕಣ್ಣು ಮುಚ್ಚಿದಳು.

ಕಣ್ಣು ಮುಚ್ಚಿದರೂ ಅವಳಿಗೆ ಎಲ್ಲರೂ ಗೊತ್ತಾಗುತ್ತಿದ್ದರು. ಬಗ್ಗಿ ಗುಡಿಸುವವಳು ಜನರ ಮುಖ ನೋಡುವುದು ಕಡಿಮೆ, ಕಾಲು ನೋಡುವುದು ಜಾಸ್ತಿ. ಕಿರ್ರ್ ಎನ್ನುವ ಚರ್ಮದ ಚಪ್ಪಲಿ ಭೈರೇಶನದು. ಒಂದು ಕಾಲು ಎಳೆದು ಹಾಕುವವರು ಉದಯಕುಮಾರರು. ಸದ್ದೇ ಮಾಡದ ಬೂಟು ಕವನಾಳದು. ಅದರ ಪಕ್ಕದ ನಾಲ್ಕು ಕಾಲು ಅವಳ ನಾಯಿ ಬ್ರೂನೋನದು. ಊರುಗೋಲಿನ ಟಕ್ ಟಕ್ ಭೈರೇಶನ ತಾಯಿ ಲಿಂಗಮ್ಮನದು. ಇದು ಹಳ್ಳಿಯಾಗಿದ್ದು, ಇಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಿಂದಲೂ ಇದ್ದ ಮುದುಕಿ. ಇವತ್ತು ಕಲ್ಲುಬೆಂಚಿನ ಮೇಲೆ ಕೂತು ಮಗನ ಕಾರ್ಯಕ್ರಮ ನೋಡಲು ಬಂದಿದ್ದಳು.

ಸ್ಪಂದನ ಪಾಠ ಶುರುಮಾಡಿದಳು. "ಪ್ರಜ್ಞೆ ತಪ್ಪಿ ಅಂಗಾತ ಬಿದ್ದೋರಿಗೆ ನಾಲಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತೆ. ಎಷ್ಟೋ ಜನ ಅದರಿಂದಾನೇ ಸಾಯ್ತಾರೆ. ಮೊದಲು ಒಂದು ಕೈ ಹಣೆ ಮೇಲಿಟ್ಟು, ಎರಡು ಬೆರಳಲ್ಲಿ ಗದ್ದ ಎತ್ತಬೇಕು. ದಾರಿ ಬಿಡುತ್ತೆ. ಆಮೇಲೆ ನಾವು ಆಂಬುಲೆನ್ಸಿನವರು ಇದನ್ನ ಹಾಕ್ತೀವಿ. ಇದಕ್ಕೆ ಏರ್‌ವೇ ಅಂತಾರೆ."

ಶಶಿಕಲಾ ರೆಪ್ಪೆಯ ಸಂದಿಯಿಂದ ನೋಡಿದಳು. ಸ್ಪಂದನಳ ಕೈಯಲ್ಲಿ ಕುಡುಗೋಲಿನ ಹಾಗೆ ಬಾಗಿದ ಪ್ಲಾಸ್ಟಿಕ್ ಕೊಳವೆಗಳು. ಒಂದು ಹಸಿರು, ಒಂದು ಹಳದಿ, ಒಂದು ಕೆಂಪು. ಹಳದಿಯನ್ನು ನೋಡಿ ಅವಳ ಎದೆ ಧಸಕ್ಕೆಂದಿತು. ಪ್ರಜ್ಞೆ ತಪ್ಪಿದವರಿಗೆ ಹಾಗೆಲ್ಲ ಆಗಬಾರದು ಎಂದುಕೊಂಡು ಮತ್ತೆ ಕಣ್ಣು ಮುಚ್ಚಿದಳು.

"ಪ್ರಜ್ಞೆ ಇರೋರ ಬಾಯಿಗೆ ಹಾಕಂಗಿಲ್ಲ, ವಾಂತಿ ಬರುತ್ತೆ. ಇವತ್ತು ಗದ್ದ ಎತ್ತೋದು, ಅಳತೆ ನೋಡೋದು, ಇಷ್ಟೇ ಮಾಡೋಣ. ತುಟಿ ಮೂಲೆಯಿಂದ ದವಡೆ ಮೂಲೆವರೆಗೆ ಹಿಡಿದು ನೋಡಬೇಕು. ಯಾರು ಮೊದಲು ಬರ್ತೀರಾ?"

ಯಾರೂ ಬರಲಿಲ್ಲ. ಚಪ್ಪಲಿಗಳು ಹಿಂದೆ ಸರಿದ ಸದ್ದು ಮಾತ್ರ ಕೇಳಿಸಿತು.

"ನೀವೇ ಮಾಡಿ ತೋರ್ಸಿ ಮೇಡಂ. ನಾವು ನೋಡಿ ಕಲೀತೀವಿ," ಎಂದರು ಉದಯಕುಮಾರರು.

"ನೋಡಿದ್ರೆ ಬರಲ್ಲ ಸಾರ್, ಕೈಗೆ ಬರಬೇಕು ಇದು."

"ಹೈಜೀನ್ ಅಂತ ಒಂದಿರುತ್ತಲ್ವಾ ಮೇಡಂ," ಎಂದಳು ಕವನಾ. "ತಪ್ಪು ತಿಳ್ಕೋಬೇಡಿ. ಅವರು ಬೆಳಿಗ್ಗೆಯಿಂದ ಕಸದಲ್ಲೇ ಇರ್ತಾರೆ. ಗ್ಲೌಸ್ ಇಲ್ದೆ ಹೆಂಗೆ?"

ಈ ರಸ್ತೆಯಲ್ಲಿ ಜಾತಿ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಅವರೆಲ್ಲ ಓದಿದವರು. ಹೈಜೀನ್ ಎನ್ನುತ್ತಾರೆ. ಶಶಿಕಲಾಳಿಗೆ ಕುಡಿಯಲು ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುವುದು ಹೈಜೀನ್. ಹಬ್ಬದ ಒಬ್ಬಟ್ಟನ್ನು ಕಾಂಪೌಂಡಿನ ಮೇಲಿಟ್ಟು ಒಳಗೆ ಹೋಗಿ ಕೂಗುವುದು ಹೈಜೀನ್. ಹಬ್ಬಕ್ಕೆ ಎಣ್ಣೆ ಹಚ್ಚಿ ಸ್ನಾನ ಮಾಡಿಕೊಂಡು ಬಂದ ದಿನವೂ ಹೈಜೀನ್ ಹಾಗೆಯೇ ಇರುತ್ತದೆ. ಅದು ಸೋಪಿಗೆ ಹೋಗುವಂಥದ್ದಲ್ಲ.

ಇಷ್ಟರಲ್ಲಿ ಬ್ರೂನೋ ಮುಂದೆ ಬಂದು ಶಶಿಕಲಾಳ ಅಂಗೈ ಮೂಸಿತು. ಬೆಳಿಗ್ಗೆ ಅವಳು ತಿಂದ ಚಿತ್ರಾನ್ನದ ವಾಸನೆ ಸಿಕ್ಕಿರಬೇಕು. ನಾಲಗೆ ಚಾಚಿ ಚೆನ್ನಾಗಿ ನೆಕ್ಕಿತು.

"ಬ್ರೂನೋ, ನೋ. ಡರ್ಟಿ," ಎಂದು ಕವನಾ ಹಗ್ಗ ಎಳೆದುಕೊಂಡಳು.

ನಾಯಿಗೆ ಬೈದದ್ದೋ ತನಗೋ ಎಂದು ಶಶಿಕಲಾ ಯೋಚಿಸಲಿಲ್ಲ. ಗೊತ್ತಿತ್ತು. ಕಣ್ಣು ಮುಚ್ಚಿದ್ದರಿಂದ ಮುಖ ಎಲ್ಲಿಡಬೇಕೆಂಬ ಕಷ್ಟವಿರಲಿಲ್ಲ. ಆ ರಸ್ತೆಯಲ್ಲಿ ಅವಳನ್ನು ತಾನಾಗಿ ಮುಟ್ಟಿದ್ದು ಆ ನಾಯಿಯೊಂದೇ, ಅದಕ್ಕೂ ಬೈಸಿಕೊಳ್ಳುವ ಗತಿ ಬಂತು.

"ಗ್ಲೌಸ್ ತಾನೇ? ನಮ್ಮ ಪೆಟ್ಟಿಗೇಲೇ ಇದೆ," ಎಂದ ಭೈರೇಶ್ ಉತ್ಸಾಹದಿಂದ.

ಪೆಟ್ಟಿಗೆ ಗೇಟಿನ ಪಕ್ಕದ ಕಂಬದ ಮೇಲಿತ್ತು. ತುರ್ತು ಚಿಕಿತ್ಸೆಯ ಪೆಟ್ಟಿಗೆ. ಕಬ್ಬಿಣದ ಚೌಕಟ್ಟು, ಗಾಜಿನ ಬಾಗಿಲು, ಗಾಜಿನ ಮೇಲೆ ಕೆಂಪಕ್ಷರದಲ್ಲಿ ‘ದಿವಂಗತ ಮರಿಯಪ್ಪನವರ ಜ್ಞಾಪಕಾರ್ಥ’. ಮರಿಯಪ್ಪ ಭೈರೇಶನ ತಂದೆ. ಮೂರು ವರ್ಷದ ಹಿಂದೆ ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು, ಬೀಗ ಹಾಕಿದ್ದರು. ಆಮೇಲೆ ಸಂಘದವರು ಯಾರೂ ಅದನ್ನು ತೆರೆದಿಲ್ಲ.

"ತುರ್ತು ಪೆಟ್ಟಿಗೆಗೆ ಬೀಗ ಯಾಕೆ ಸಾರ್?" ಎಂದು ಸ್ಪಂದನ ಕೇಳಿದಳು.

"ಬೀಗ ಇಲ್ದಿದ್ರೆ ಒಳಗಿರೋದು ಉಳಿಯುತ್ತಾ ಮೇಡಂ? ಕಸದವರು, ಚರಂಡಿಯವರು ಓಡಾಡೋ ಜಾಗ."

ಕಸದವಳ ತಲೆಯ ಮೇಲೆಯೇ ನಿಂತು ಹೇಳಿದ. ಹೇಗೂ ಅವಳಿಗೆ ಪ್ರಜ್ಞೆ ಇರಲಿಲ್ಲವಲ್ಲ. ಸೊಂಟದಿಂದ ಕೀಗೊಂಚಲು ತೆಗೆದು ಬೀಗಕ್ಕೆ ಒಂದೊಂದೇ ಹಾಕಿ ನೋಡಿದ. ಕಾರಿನ ಕೀ, ಬೀರುವಿನ ಕೀ, ಬಾಡಿಗೆ ಮನೆಗಳ ಕೀ. ಯಾವುದೂ ಹತ್ತಲಿಲ್ಲ. ಹೆಂಡತಿಗೆ ಫೋನು ಮಾಡಿದ, ಅಲ್ಲಿಂದ ಬೈಸಿಕೊಂಡು ಫೋನಿಟ್ಟ.

"ಗಾಜು ಒಡೆದುಬಿಡಿ," ಎಂದರು ಉದಯಕುಮಾರರು.

"ಗಾಜಿನ ಮೇಲೆ ನಮ್ಮಪ್ಪನ ಹೆಸರಿದೆ ಸಾರ್."

ಅಪ್ಪನ ಹೆಸರನ್ನು ಒಡೆಯುವುದು ಹೇಗೆ? ಎಲ್ಲರೂ ಪೆಟ್ಟಿಗೆಯ ಸುತ್ತ ತಲೆ ಕೆರೆದುಕೊಂಡು ನಿಂತರು. ಅದರ ಕೀ ಎಲ್ಲಿದೆಯೆಂದು ಅಲ್ಲಿದ್ದವರ ಪೈಕಿ ಗೊತ್ತಿದ್ದದ್ದು ಪ್ರಜ್ಞೆ ತಪ್ಪಿದವಳಿಗೆ ಮಾತ್ರ. ಅದು ಅವಳ ಕೊರಳ ದಾರದಲ್ಲಿ, ರವಿಕೆಯೊಳಗೆ, ಎದೆಯ ಎಲುಬಿಗೆ ಒತ್ತುತ್ತಿತ್ತು.

ಕೀ ಹುಡುಕುವಷ್ಟರಲ್ಲಿ ಪಾಠ ನಿಲ್ಲಬಾರದೆಂದು ಸ್ಪಂದನ ಮುಂದುವರಿಸಿದಳು. "ನಾಲಗೆ ಬಿದ್ದಾಗ ಗೊರಕೆ ಥರ ಶಬ್ದ ಬರುತ್ತೆ. ಜನ ನಿದ್ದೆ ಮಾಡ್ತಿದಾರೆ ಅಂದ್ಕೋತಾರೆ. ಅದು ನಿದ್ದೆಯಲ್ಲ. ಅಕ್ಕ, ಒಂದ್ಸಲ ಗೊರಕೆ ಹೊಡೆದು ತೋರಿಸ್ತೀರಾ?"

ಶಶಿಕಲಾ ಹೊಡೆದಳು. ಗೊರ್ರ್.

ಎಲ್ಲರೂ ನಕ್ಕರು. ಅವಳು ಇನ್ನೊಮ್ಮೆ ಹೊಡೆದಳು. ನಡುವೆ ಒಂದು ತಡೆ, ಗಂಟಲಲ್ಲಿ ನೀರು ಸಿಕ್ಕಿಕೊಂಡಂತೆ ಒಂದು ಗೊಳಗೊಳ, ಮತ್ತೆ ಗೊರ್ರ್. ಅವಳೇನೂ ಕಲ್ಪಿಸಿಕೊಂಡು ಮಾಡುತ್ತಿರಲಿಲ್ಲ. ಆ ಶಬ್ದ ಅವಳ ಕಿವಿಯಲ್ಲಿ ಒಂದು ವರ್ಷದಿಂದ ಮನೆ ಮಾಡಿಕೊಂಡಿತ್ತು. ಸುಮ್ಮನೆ ಹೊರಗೆ ಬಿಟ್ಟಳು, ಅಷ್ಟೇ. ನಗು ಒಂದೊಂದಾಗಿ ನಿಂತಿತು. ಬೆಂಚಿನ ಕಡೆಯಿಂದ ಊರುಗೋಲು ನೆಲಕ್ಕೆ ಬಿದ್ದ ಸದ್ದಾಯಿತು.

"ಆ ಮುನಿರಾಮನ ಶಬ್ದ ಕಣ್ರೋ ಇದು," ಎಂದಳು ಲಿಂಗಮ್ಮ.

ಮುನಿರಾಮಯ್ಯ ಶಶಿಕಲಾಳ ಅಣ್ಣ. ಚರಂಡಿ ಕೆಲಸದವನು. ಕಳೆದ ವರ್ಷ ಇದೇ ಪಾರ್ಕಿನ ಗೇಟಿನ ಮುಂದೆ ಚಪ್ಪಡಿ ಎತ್ತುತ್ತಿದ್ದಾಗ ಫಿಟ್ಸ್ ಬಂದು ಬಿದ್ದ. ಕೈಕಾಲು ಸೆಳೆಯುತ್ತಿತ್ತು, ಬಾಯಲ್ಲಿ ನೊರೆ. ಜನ ಸೇರಿದರು. ಕಬ್ಬಿಣ ಕೊಡ್ರೋ ಎಂದಳು ಲಿಂಗಮ್ಮ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆಂದು ಊರಿಗೂರೇ ನಂಬಿದೆ. ಭೈರೇಶ್ ಸೊಂಟದ ಕೀಗೊಂಚಲು ಬಿಚ್ಚಿದ. ಮುನಿರಾಮಯ್ಯನ ಕೈಗೆ ಕೊಡಲಿಲ್ಲ. ನಿಂತಲ್ಲಿಂದಲೇ ಎಸೆದ. ಗೊಂಚಲು ಅವನ ಎದೆಯ ಮೇಲೆ ಬಿತ್ತು. ತಮ್ಮಿಂದಾದದ್ದನ್ನು ಮಾಡಿದೆವು ಎಂದು ಎಲ್ಲರಿಗೂ ಸಮಾಧಾನವಾಯಿತು.

ಸೆಳೆತ ತಾನಾಗಿಯೇ ನಿಂತಿತು. ಮುನಿರಾಮಯ್ಯ ಅಂಗಾತ ಬಿದ್ದಿದ್ದ. ಗೊರ್ರ್ ಎನ್ನುತ್ತಿದ್ದ. ಪಾಪ, ಸುಸ್ತಾಗಿ ನಿದ್ದೆ ಹೋಗಿದ್ದಾನೆ ಎಂದರು. ಗ್ಲೌಸ್ ಇದ್ದಿದ್ದರೆ ಪಕ್ಕಕ್ಕೆ ಹೊರಳಿಸಬಹುದಿತ್ತು ಎಂದೂ ಯಾರೋ ಅಂದರು. ಶಶಿಕಲಾ ಆ ಹೊತ್ತಿಗೆ ದೂರದ ರಸ್ತೆಯಲ್ಲಿ ಗಾಡಿ ತಳ್ಳುತ್ತಿದ್ದಳು. ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಆಂಬುಲೆನ್ಸೂ ಬಂತು. ಅದರಿಂದ ಇಳಿದವನು ಯಾರ ಮುಖವನ್ನೂ ನೋಡಲಿಲ್ಲ. ಮಂಡಿಯೂರಿ ಗದ್ದ ಎತ್ತಿದ. ಹಳದಿ ಕೊಳವೆಯೊಂದನ್ನು ಬಾಯೊಳಗೆ ತಿರುಗಿಸಿ ಕೂರಿಸಿದ. ಮಿಕ್ಸಿ ಆಫ್ ಮಾಡಿದಂತೆ ಶಬ್ದ ನಿಂತು ಉಸಿರು ಸಲೀಸಾಯಿತು. ಅಷ್ಟೇ ಕೆಲಸ. ಅಷ್ಟೇ ಕೆಲಸಕ್ಕೆ ಅಷ್ಟು ಹೊತ್ತು, ಅಷ್ಟು ಜನ, ಸುಮ್ಮನೆ ನಿಂತಿದ್ದರು.

ಮುನಿರಾಮಯ್ಯ ಬದುಕಿದ. ಆದರೆ ಗಾಳಿಯಿಲ್ಲದೆ ಒದ್ದಾಡಿದ ತಲೆ ಮೊದಲಿನ ತಲೆಯಾಗಲಿಲ್ಲ. ಈ ರಸ್ತೆಯ ಪ್ರತಿಯೊಬ್ಬರಿಗೂ ಅಡ್ಡಹೆಸರಿಟ್ಟು ತಂಡವನ್ನೆಲ್ಲ ನಗಿಸುತ್ತಿದ್ದವನ ಮಾತು ನಿಂತುಹೋಯಿತು. ಉಳಿದದ್ದು ಶಿಳ್ಳೆ ಮಾತ್ರ. ಮೂಡಲಪಾಳ್ಯದ ಮನೆಯ ಜಗಲಿಯ ಮೇಲೆ ಕೂತು ಚಹಾಕ್ಕೊಂದು, ಊಟಕ್ಕೊಂದು ಶಿಳ್ಳೆ ಹೊಡೆಯುತ್ತಾನೆ. ಜೀವ ಉಳಿಯಿತಲ್ಲ, ಅದೇ ದೊಡ್ಡದು ಎಂದರು ರಸ್ತೆಯವರು. ಯಾರ ಜೀವ ಎಷ್ಟು ಉಳಿದರೆ ಸಾಕೆಂದು ಇವರು ಬಹಳ ಬೇಗ ತೀರ್ಮಾನ ಮಾಡುತ್ತಾರೆ.

ಸ್ಟ್ರೆಚರ್ ಎತ್ತಿದಾಗ ಕೀಗೊಂಚಲು ರಸ್ತೆಗೆ ಬಿದ್ದಿತ್ತು. ಅದಕ್ಕೆ ನೊರೆ ಮೆತ್ತಿತ್ತು. ಭೈರೇಶ್ ಅದನ್ನು ನೋಡಿದ, ಎತ್ತಿಕೊಳ್ಳಲಿಲ್ಲ. ಮಾರನೆಯ ದಿನ ಬೀಗದವನನ್ನು ಕರೆಸಿ ಮನೆಯ ಬೀಗಗಳನ್ನೆಲ್ಲ ಬದಲಾಯಿಸಿದ. ಗೊಂಚಲು ಬಿದ್ದಲ್ಲೇ ಬಿದ್ದಿತ್ತು. ಕಾರು, ಸ್ಕೂಟರು ಅದರ ಮೇಲೆ ಹಾದುಹೋದವು. ಕೊನೆಗೆ ಶಶಿಕಲಾ ಎತ್ತಿಕೊಂಡು, ತೊಳೆದು, ತನ್ನ ಮನೆಯ ಕೀ ಇದ್ದ ದಾರಕ್ಕೆ ಪೋಣಿಸಿಕೊಂಡಳು. ಯಾಕೆಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಒಂದು ದಿನ ಪೆಟ್ಟಿಗೆಯ ಗಾಜು ಒರೆಸುವಾಗ, ಗೊಂಚಲಿನ ಸಣ್ಣ ಹಿತ್ತಾಳೆ ಕೀಯನ್ನು ಸುಮ್ಮನೆ ಅದರ ಬೀಗಕ್ಕೆ ಹಾಕಿ ತಿರುಗಿಸಿದಳು. ಬೀಗ ತೆರೆಯಿತು. ಒಳಗೆ ಡಬ್ಬಿಗಟ್ಟಲೆ ಗ್ಲೌಸು. ಕವರನ್ನೂ ಬಿಚ್ಚದ ಕೊಳವೆಗಳು, ಹಸಿರು, ಹಳದಿ, ಕೆಂಪು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಂಬ ಹಿಡಿದು ನಿಂತಳು. ಈ ಪೆಟ್ಟಿಗೆಯ ಕೀ ಅವತ್ತು ಅಣ್ಣನ ಎದೆಯ ಮೇಲೆಯೇ ಇತ್ತು. ಪೆಟ್ಟಿಗೆ ಅವನ ಕಾಲ ದೆಸೆಯಲ್ಲೇ ಇತ್ತು. ಕಬ್ಬಿಣವೆಂದು ಎಸೆದವನಿಗೆ ಅದು ಕೀಯೆಂದು ನೆನಪಾಗಲಿಲ್ಲ. ಅವತ್ತು ಅವಳು ರಸ್ತೆಯನ್ನು ಹೇಗೆ ಗುಡಿಸಿದಳೆಂದರೆ ಪೊರಕೆಯ ಕಡ್ಡಿಗಳೆಲ್ಲ ಮುರಿದುಹೋದವು. ಹೊಸ ಪೊರಕೆ ಕೇಳಿದ್ದಕ್ಕೆ ಮೇಸ್ತ್ರಿ ಬೈದ.

ಬೀಗವನ್ನು ಬಿಚ್ಚಿ ಬಿಸಾಡಬಹುದಿತ್ತು. ಬಿಸಾಡಿದರೆ ಮಾರನೆಯ ದಿನ ಇನ್ನೊಂದು ಬೀಗ ಬರುತ್ತದೆ, ಜೊತೆಗೆ ಕಳ್ಳಿ ಎಂಬ ಹೆಸರೂ ಬರುತ್ತದೆ. ಹಾಕಿದವನೇ ತೆಗೆಯಬೇಕು. ನಾಳೆ ಈ ರಸ್ತೆಯಲ್ಲಿ ಅವಳ ಜೊತೆ ಗಾಡಿ ತಳ್ಳುವ ಇಂದ್ರಮ್ಮ ಬೀಳಬಹುದು. ಚರಂಡಿಗಿಳಿಯುವ ಸೀನ ಬೀಳಬಹುದು. ಆಗ ಪೆಟ್ಟಿಗೆ ತೆರೆದಿರಬೇಕು, ತೆರೆದವರ ಕೈ ಮುಂದೆ ಬರಬೇಕು. ಶಶಿಕಲಾಳಿಗೆ ಬೇಕಾಗಿದ್ದದ್ದು ಇಷ್ಟೇ.

ಪಾರ್ಕಿನ ನೆಲದ ಮೇಲೆ ಅವಳು ಮತ್ತೊಮ್ಮೆ ಗೊರ್ರ್ ಎಂದಳು. ಆ ಭರದಲ್ಲಿ ತಲೆ ಒಂದು ಪಕ್ಕಕ್ಕೆ ವಾಲಿತು. ದಾರ ಜಾರಿ ಗೊಂಚಲು ರವಿಕೆಯಿಂದ ಹೊರಬಿದ್ದು ಕುತ್ತಿಗೆಯ ಪಕ್ಕ ಬಿತ್ತು. ಅದರಲ್ಲೊಂದು ಪುಟ್ಟ ತಗಡಿನ ಟ್ರ್ಯಾಕ್ಟರ್ ನೇತಾಡುತ್ತಿತ್ತು. ಭೈರೇಶ್ ಜನ್ಮದಲ್ಲಿ ಟ್ರ್ಯಾಕ್ಟರ್ ಓಡಿಸಿದವನಲ್ಲ. ಹೊಲವೆಲ್ಲ ಸೈಟಾದ ಮೇಲೆ ಹುಟ್ಟಿದ ರೈತ ಅವನು. ಆದರೂ ಕೀಚೈನಿನಲ್ಲಿ ಬೇಸಾಯ ಉಳಿಸಿಕೊಂಡಿದ್ದ.

"ಭೈರ, ಅದು ನಿನ್ನ ಟ್ರ್ಯಾಕ್ಟರ್ ಅಲ್ವೇನೋ?" ಎಂದಳು ಲಿಂಗಮ್ಮ.

ಎಲ್ಲರೂ ಹತ್ತಿರ ಬಂದರು. ತೀರಾ ಹತ್ತಿರ ಅಲ್ಲ.

"ನೋಡಿದ್ರಾ, ಕದ್ದಿದಾಳೆ," ಎಂದ ಭೈರೇಶ್.

"ಯಾರೋ ಕದ್ದಿದ್ದು? ನೀನೇ ಎಸೆದಿದ್ದು. ನಾನು ಕಣ್ಣಾರೆ ನೋಡಿದೀನಿ."

ಭೈರೇಶನ ಮುಖ ಸಪ್ಪಗಾಯಿತು. "ಆಯ್ತು ಬಿಡವ್ವ. ಏ ಶಶಿ, ಎದ್ದು ಕೀ ಕೊಡೆ."

ಶಶಿಕಲಾ ಏಳಲಿಲ್ಲ.

"ಶಶಿ, ನಿಂಗೇ ಹೇಳ್ತಿರೋದು."

ಗೊರ್ರ್.

"ಸಾರ್, ಪೇಷಂಟಿಗೆ ಪ್ರಜ್ಞೆ ಇಲ್ಲ," ಎಂದಳು ಸ್ಪಂದನ. ದನಿಯಲ್ಲಿ ನಗುವಿರಲಿಲ್ಲ. "ನಾನು ಇನ್ನೂ ಏಳಿ ಅಂದಿಲ್ಲ. ನೀವೇ ತಗೊಳ್ಳಿ ಕೀನ. ಹಾಗೇ ಗದ್ದನೂ ಎತ್ತಿ."

"ಗ್ಲೌಸ್ ಇಲ್ಲ ಅಂತ ತಾನೇ ಮೇಡಂ ಇಷ್ಟೆಲ್ಲ."

"ಗ್ಲೌಸ್ ಪೆಟ್ಟಿಗೇಲಿದೆ."

"ಪೆಟ್ಟಿಗೆ ಕೀ ಇವಳ ಕೊರಳಲ್ಲಿದೆ," ಎಂದರು ಉದಯಕುಮಾರರು. ಲೆಕ್ಕ ಸರಿಯಾಗಿ ಬಂದ ಖುಷಿ ಅವರ ದನಿಯಲ್ಲಿತ್ತು. "ಕೀ ತಗೋಬೇಕಂದ್ರೆ ಇವಳನ್ನ ಮುಟ್ಟಬೇಕು. ಮುಟ್ಟಬೇಕಂದ್ರೆ ಗ್ಲೌಸ್ ಬೇಕು."

ಎಲ್ಲರೂ ಒಮ್ಮೆ ಪೆಟ್ಟಿಗೆ ನೋಡಿದರು, ಒಮ್ಮೆ ಶಶಿಕಲಾಳನ್ನು ನೋಡಿದರು. ಅವಳಿಗೆ ನಗು ಒತ್ತಿಕೊಂಡು ಬಂತು. ಅದನ್ನು ಗೊರಕೆಗೆ ತಿರುಗಿಸಿದಳು. ಅಣ್ಣ ಇಲ್ಲಿ ಇದ್ದಿದ್ದರೆ ಇದಕ್ಕೊಂದು ಹೆಸರಿಟ್ಟು ವರ್ಷವಿಡೀ ನಗಿಸುತ್ತಿದ್ದ ಎನಿಸಿ ಮುಚ್ಚಿದ ಕಣ್ಣೊಳಗೆ ನೀರೂ ಬಂತು.

ಭೈರೇಶನ ಪಿತ್ತ ನೆತ್ತಿಗೇರಿತು. "ನೋಡು ಶಶಿ, ಮೇಸ್ತ್ರಿಗೆ ಒಂದು ಫೋನ್ ಮಾಡಿದ್ರೆ ನಾಳೆಯಿಂದ ನೀನು ಈ ರಸ್ತೇಲಿರಲ್ಲ. ಏಳ್ತೀಯೋ ಇಲ್ವೋ?"

ಈ ಮಾತಿಗೆ ಅವಳ ಮೈ ಒಮ್ಮೆ ಬಿಗಿಯಿತು. ಮೇಸ್ತ್ರಿಗೆ ಫೋನು ಬಂದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಬಾ ಎಂದಾಗ ಬಂದಿದ್ದಳು, ಸರಿ ಎಂದಾಗ ಸರಿದಿದ್ದಳು. ಸತ್ತ ಹೆಗ್ಗಣ ಎತ್ತು ಎಂದರೆ ಎತ್ತಿದ್ದಳು. ಮಲಗು ಎಂದರು, ಮಲಗಿದಳು. ಈಗ ಏಳು ಎನ್ನುತ್ತಿದ್ದಾರೆ.

ಏಳುವುದಿಲ್ಲ ಎಂದುಕೊಂಡಳು. ಎಂದುಕೊಂಡ ಮೇಲೆ ಮೈ ಹಗುರವಾಯಿತು. ಬೆನ್ನಿನ ಕೆಳಗಿನ ನೆಲ ತಣ್ಣಗಿತ್ತು, ಹಿತವಾಗಿತ್ತು.

ಭೈರೇಶ್ ಸುಮ್ಮನೆ ಬಿಡುವವನಲ್ಲ. ಏನೋ ಎತ್ತಿಕೊಂಡ ಸದ್ದಾಯಿತು. ಕಡ್ಡಿಗಳ ಸರಸರ. ಅದು ಅವಳ ಪೊರಕೆಯೇ. ಚರಂಡಿಯ ಅಂಚು ಗುಡಿಸುವ ಪೊರಕೆ. ಅವಳನ್ನು ಮುಟ್ಟಲು ಹೇಸಿದವನು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಅದರ ಕೋಲಿನ ತುದಿಯಿಂದ ಕೀಗೊಂಚಲನ್ನು ಎತ್ತಲು ನೋಡಿದ. ಕೋಲು ದಾರಕ್ಕೆ ಸಿಗಲಿಲ್ಲ. ಕುತ್ತಿಗೆಗೆ ತಾಕಿತು. ಮತ್ತೆ ನೂಕಿದ. ಗದ್ದಕ್ಕೆ ತಾಕಿತು. ಸತ್ತ ಹಾವನ್ನು ಕೋಲಿನಿಂದ ಸರಿಸುವ ಹಾಗೆ.

ಶಶಿಕಲಾ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ಕೋಲು ಹಿಡಿದಳು. ಕಸದ ಗಾಡಿ ತಳ್ಳಿ ತಳ್ಳಿ ಬಲಿತ ಮುಷ್ಟಿ. ಭೈರೇಶ್ ಎಳೆದ. ಬರಲಿಲ್ಲ.

"ನಮ್ಮಣ್ಣಂಗೆ ಎಸೆದ್ರಿ," ಎಂದಳು. ಗಟ್ಟಿಯಾಗಿ ಹೇಳಲಿಲ್ಲ. "ನಂಗೆ ಕೋಲಲ್ಲಿ ತಿವೀತಿದೀರ. ದೇವರು ನಿಮಗೆ ಕೈ ಕೊಟ್ಟಿಲ್ವಾ ಸಾರ್? ಕೈಯಲ್ಲಿ ತಗೊಳ್ಳಿ. ಇಲ್ದಿದ್ರೆ ನಂಗೆ ಪ್ರಜ್ಞೆ ಬರಲ್ಲ. ಮೇಸ್ತ್ರೀನ ಕರೀರಿ, ಪೊಲೀಸ್‌ನ ಕರೀರಿ. ಎಷ್ಟೊತ್ತಾದ್ರೂ ಸರಿ, ಇಲ್ಲೇ ಬಿದ್ದಿರ್ತೀನಿ."

ಪ್ರಜ್ಞೆ ತಪ್ಪಿದವಳು ಮಾತಾಡಿದಳೆಂದು ಯಾರೂ ತಕರಾರು ತೆಗೆಯಲಿಲ್ಲ. ಬ್ರೂನೋ ಒಂದು ಸಲ ಬೊಗಳಿ ಸುಮ್ಮನಾಯಿತು.

ಬೆಂಚಿನ ಮೇಲಿಂದ ಲಿಂಗಮ್ಮನ ದನಿ ಬಂತು. "ಕಬ್ಬಿಣಾನ ಕೈಗೆ ಕೊಡು ಅಂದೆ ಕಣೋ ನಾನು. ಎಸಿ ಅನ್ಲಿಲ್ಲ."

"ಅವ್ವ, ನೀನು ಸುಮ್ನಿರು."

"ಕಬ್ಬಿಣದಿಂದ ಏನೂ ಆಗಲ್ಲ ಅಂತ ಈ ಹುಡುಗಿ ಹೇಳ್ಬೋದು. ಆಗದೇ ಇರ್ಲಿ. ಕೈ ಹಿಡಿದು ಕೊಟ್ಟಿದ್ರೆ ನೀನು ಅವನ ಹತ್ರ ಕೂತ್ಕೋತಿದ್ದೆ. ಕೂತಿದ್ರೆ ಅವನು ಮಲಗಿರೋದು ನಿದ್ದೆ ಅಲ್ಲ ಅಂತ ಗೊತ್ತಾಗ್ತಿತ್ತು. ಕೂತ್ಕೋ ಈಗ. ನೀನು ಕೂರ್ತೀಯೋ, ನಾನೇ ಬಂದು ಕೂರ್ಲೋ? ನಾನು ಕೂತ್ರೆ ಮತ್ತೆ ಏಳಕ್ಕಾಗಲ್ಲ, ನೀನೇ ಎತ್ಕೊಂಡು ಹೋಗ್ಬೇಕು."

ಯಾರೋ ಕಿಸಕ್ಕೆಂದರು. ಆಮೇಲೆ ಚರ್ಮದ ಚಪ್ಪಲಿ ಕಿರ್ರೆಂದಿತು. ಮಂಡಿ ಲಟಕ್ಕೆಂದಿತು. ಪೌಡರಿನ ವಾಸನೆ ಹತ್ತಿರ ಬಂತು. ಶಶಿಕಲಾಳ ಹಣೆಯ ಮೇಲೆ ಒಂದು ಅಂಗೈ ಕೂತಿತು. ಬೆವೆತ ಅಂಗೈ. ಎರಡು ಬೆರಳು ಗದ್ದದ ಕೆಳಗೆ ಬಂದು, ಹೆದರಿ, ನಿಂತು, ಮತ್ತೆ ಬಂದವು.

"ಇನ್ನೂ ಸ್ವಲ್ಪ ಎತ್ತಿ ಸಾರ್," ಎಂದಳು ಸ್ಪಂದನ. "ಒಡೆದುಹೋಗಲ್ಲ ಅವರು."

ಗದ್ದ ಮೇಲೆದ್ದಿತು. ಗಂಟಲಿನೊಳಗೆ ಗಾಳಿ ಸರಾಗವಾಗಿ ಇಳಿಯಿತು. ಈ ರಸ್ತೆಯ ಕೈಯೊಂದು ತನ್ನ ಮುಖವನ್ನು ಮುಟ್ಟಿದರೆ ಹೇಗಿರುತ್ತದೆಂದು ಶಶಿಕಲಾ ಯಾವತ್ತೂ ಯೋಚಿಸಿರಲಿಲ್ಲ. ವಿಶೇಷವೇನೂ ಇರಲಿಲ್ಲ. ಅವಳ ಅಳಿಯನ ಕೈಯೂ ಹೀಗೆಯೇ ಬೆವರುತ್ತದೆ. ಇಷ್ಟಕ್ಕೆ ಅಣ್ಣನ ಮಾತು ಹೋಯಿತೇ ಎಂದು ಸಿಟ್ಟು ಬಂತು. ಬಹಳ ಸಿಟ್ಟು ಬಂತು.

ಭೈರೇಶ್ ಅಳತೆಗೆ ಮೊದಲು ಕೆಂಪು ಕೊಳವೆ ಹಿಡಿದ. ಅದು ಕಿವಿ ದಾಟಿ ಹೋಯಿತು.

"ಅದು ಎಮ್ಮೆಗಾಗುತ್ತೆ ಕಣೋ," ಎಂದಳು ಲಿಂಗಮ್ಮ.

ಹಸಿರು ಹಿಡಿದ. ತುಟಿಯ ಮೂಲೆಯಿಂದ ದವಡೆಯ ಮೂಲೆಗೆ ಸರಿಯಾಗಿ ಕೂತಿತು.

"ಸರಿಯಾಗಿದೆ ಸಾರ್. ಇನ್ನು ಏಳಿ ಅಕ್ಕ," ಎಂದಳು ಸ್ಪಂದನ.

ಶಶಿಕಲಾ ಎದ್ದು ಕೂತಳು. ಬೆನ್ನಿಗೆ ಮೆತ್ತಿದ ಹೊಂಗೆ ಎಲೆ ಕೊಡವಿಕೊಂಡಳು. ದಾರ ಬಿಚ್ಚಿ ತನ್ನ ಮನೆಯ ಕೀಯೊಂದನ್ನು ತೆಗೆದುಕೊಂಡು, ಗೊಂಚಲನ್ನು ಭೈರೇಶನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಹಿಂಗೆ ಕೊಡ್ತಾರೆ ಸಾರ್, ಕೈಗೆ. ಆ ಚಿಕ್ಕ ಹಿತ್ತಾಳೇದು ಪೆಟ್ಟಿಗೇದು. ತೆಗೀರಿ."

ಭೈರೇಶ್ ಹೋಗಿ ಬೀಗ ತೆಗೆದ. ಗಾಜಿನ ಬಾಗಿಲು ಕೀರಲುದನಿಯಲ್ಲಿ ತೆರೆದುಕೊಂಡಿತು. ಒಳಗೆ ಕವರು ಬಿಚ್ಚದ ಹಳದಿ ಕೊಳವೆ ಎಲ್ಲರಿಗೂ ಕಂಡಿತು. ಅವತ್ತು ಗೊಂಚಲು ಎಲ್ಲಿ ಬಿದ್ದಿತ್ತು, ಪೆಟ್ಟಿಗೆ ಎಲ್ಲಿತ್ತು ಎಂಬುದನ್ನು ಅಲ್ಲಿದ್ದ ಪ್ರತಿಯೊಬ್ಬರೂ ಮನಸ್ಸಿನಲ್ಲೇ ಅಳೆಯುತ್ತಿದ್ದರು. ಉದಯಕುಮಾರರು ಕನ್ನಡಕ ತೆಗೆದು ಒರೆಸಿಕೊಂಡರು.

ಭೈರೇಶ್ ಬಾಗಿಲು ಮುಚ್ಚಿ, ಅಭ್ಯಾಸಬಲದಿಂದ ಬೀಗವನ್ನು ಮತ್ತೆ ಕೊಂಡಿಗೆ ಸಿಕ್ಕಿಸಲು ಹೋದ. ಅಷ್ಟರಲ್ಲಿ ಶಶಿಕಲಾ ತನ್ನ ಗಾಡಿಯನ್ನು ಗಡಗಡ ತಳ್ಳಿಕೊಂಡು ಬಂದು ಅವನ ಪಕ್ಕ ನಿಲ್ಲಿಸಿದಳು. ಗಾಡಿಯಲ್ಲಿ ಎರಡು ಡಬ್ಬ, ಒಂದು ಹಸಿ ಕಸಕ್ಕೆ, ಒಂದು ಒಣ ಕಸಕ್ಕೆ. ಒಣ ಕಸದ ಮುಚ್ಚಳ ತೆರೆದು ಹಿಡಿದುಕೊಂಡಳು.

"ಹಾಕಿ ಸಾರ್."

"ಯಾರಾದ್ರೂ ಕದ್ಕೊಂಡು ಹೋದ್ರೆ?"

"ಗಂಟಲಿಗೆ ಹಾಕೋ ಕೊಳವೆ ಸಾರ್ ಅದು. ಯಾರಾದ್ರೂ ಕದ್ರೆ ಅವರಿಗೆ ಅಷ್ಟು ಅರ್ಜೆಂಟಿದೆ ಅಂತ ಅರ್ಥ. ಹಾಕಿ."

ಅವನು ಸ್ಪಂದನಳನ್ನು ನೋಡಿದ. ತಾಯಿಯನ್ನು ನೋಡಿದ. ಮುಚ್ಚಳ ಹಿಡಿದವಳ ಕೈ ಅಲ್ಲಾಡಲಿಲ್ಲ. ಬೀಗ ಡಬ್ಬದ ತಳಕ್ಕೆ ಬಿದ್ದು ಠಣ್ ಎಂದಿತು.

ಸ್ಪಂದನ ಚೀಲದಿಂದ ಸ್ಯಾನಿಟೈಸರ್ ಬಾಟಲಿ ತೆಗೆದಳು. ರೋಗಿಯನ್ನು ಮುಟ್ಟಿದವರು ಕೈ ಶುದ್ಧ ಮಾಡಿಕೊಳ್ಳಬೇಕು, ಅದು ಅವಳ ಪಾಠದ ಕೊನೆಯ ಭಾಗ. ಭೈರೇಶ್ ಅದಕ್ಕೇ ಕಾದಿದ್ದವನಂತೆ ಕೈ ಚಾಚಿದ. ಆದರೆ ಅವನಿಗಿಂತ ಮುಂಚೆ ಇನ್ನೊಂದು ಅಂಗೈ ಬಾಟಲಿಯ ಕೆಳಗೆ ಬಂದಿತ್ತು. ಒರಟಾದ, ಬಿರುಕು ಬಿಟ್ಟ ಅಂಗೈ.

"ಮೊದಲು ನಂಗೆ ಹಾಕಮ್ಮ," ಎಂದಳು ಶಶಿಕಲಾ. "ಸಾರ್ ನನ್ನ ಮುಟ್ಟಿದಾರೆ."

ಸ್ಪಂದನ ಹಾಕಿದಳು. ಶಶಿಕಲಾ ಬೆರಳ ಸಂದಿಗಳಿಗೆಲ್ಲ ಬರುವಂತೆ, ಮಣಿಕಟ್ಟಿನವರೆಗೂ, ನಿಧಾನವಾಗಿ ಉಜ್ಜಿಕೊಂಡಳು. ಇನ್ನೂ ಸ್ವಲ್ಪ ಎಂದು ಮತ್ತೆ ಹಾಕಿಸಿಕೊಂಡು ಹಣೆ, ಗದ್ದ ಎರಡನ್ನೂ ಒರೆಸಿಕೊಂಡಳು. ಆಮೇಲೆ ಭೈರೇಶ್ ಹಿಡಿದಿದ್ದ ಪೊರಕೆಯ ಕೋಲಿಗೂ ಎರಡು ಹನಿ ಸವರಿದಳು. ಗಾಡಿ ತಳ್ಳಿಕೊಂಡು, ಅಣ್ಣ ಚಹಾಕ್ಕೆ ಹೊಡೆಯುವ ಶಿಳ್ಳೆಯನ್ನು ಹೊಡೆಯುತ್ತಾ ಗೇಟು ದಾಟಿದಳು.